ಹಸಿ ಸಾಲು

ನೀಲಗಂಗವ್ವನ ಹೆಸರು ಚಾವಡಿಯ ಗೋಡೆಯ ಮೇಲೆ ಮೂಡಿದ ಹೊತ್ತಿಗೆ ನಾನು ಕಾನೂನು ಕಾಲೇಜಿನಲ್ಲಿ ವಿದ್ಯಾರ್ಥಿಗಳ ಮೇಲೆ ರೇಗಾಡುತ್ತಿದ್ದೆ. ಗೋಡೆಯ ಮೇಲಿರುವುದನ್ನು ಬಾಯಿಪಾಠ ಮಾಡಿದವರು ವಕೀಲರಾಗಬಹುದು, ಕಾನೂನು ಬಲ್ಲವರಾಗುವುದಿಲ್ಲ ಎನ್ನುವುದು ಅವತ್ತಿನ ಪಾಠ. ರೇಗುವುದು ನನ್ನ ಸ್ವಭಾವ. ಈ ಊರಿಗೆ ಕೆಲಸಕ್ಕೆ ಬಂದಾಗ ನನ್ನ ತಲೆಯಲ್ಲಿ ಬಿಳಿಕೂದಲು ಹುಡುಕಬೇಕಾಗಿತ್ತು, ಈಗ ಕರಿಕೂದಲು ಹುಡುಕಬೇಕು. ಅದಕ್ಕೆ ಅರ್ಧ ಕಾರಣ ವಿದ್ಯಾರ್ಥಿಗಳು, ಇನ್ನರ್ಧ ಆ ಗೋಡೆ.

ಈ ಊರಿನಲ್ಲಿ ಕಾನೂನನ್ನು ಯಾರೂ ಮಾಡುವುದಿಲ್ಲ. ಜನ ಹೇಗೆ ನಡೆಯುತ್ತಾರೋ ಅದು ಚಾವಡಿಯ ಸುಣ್ಣದ ಗೋಡೆಯ ಮೇಲೆ ತಾನಾಗಿ ಮೂಡುತ್ತದೆ. ಮೊದಲು ಸಾಲು ಹಸಿಯಾಗಿರುತ್ತದೆ, ಮುಟ್ಟಿದರೆ ಬೆರಳಿಗೆ ಮಸಿ ಹತ್ತುತ್ತದೆ. ಸೋಮವಾರ ಚಾವಡಿ ಕೂಡಿದಾಗ ಗೋಡೆ ಓದುವ ಗುರುಸಿದ್ದಯ್ಯನವರು ಹಸಿ ಸಾಲುಗಳನ್ನು ಗಟ್ಟಿಯಾಗಿ ಓದುತ್ತಾರೆ. ಓದಿದ ಸಾಲು ಒಣಗುತ್ತದೆ. ಒಣಗಿದ್ದು ಕಾನೂನು, ಅದನ್ನು ಮುರಿದವರಿಗೆ ಸಂತೆಯಲ್ಲಿ ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ. ಅಷ್ಟರೊಳಗೆ ಜನರ ನಡತೆ ಬದಲಾದರೆ ಹಸಿ ಸಾಲು ಅಳಿಸಿಹೋಗುತ್ತದೆ. ಒಣಗಿದ ಸಾಲು ಅಳಿಸಿದ್ದನ್ನು ಮಾತ್ರ ಬದುಕಿರುವವರು ಯಾರೂ ಕಂಡಿಲ್ಲ.

ಊಟವಾದ ಮೇಲೆ ಬಿಸಿಲು ಇಳಿಯುವ ತನಕ ಯಾರ ಮನೆಯ ಮುಂಬಾಗಿಲನ್ನೂ ತಟ್ಟತಕ್ಕದ್ದಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ವಾಂತಿ ಬರುವವರಿಗೆ ಮೊದಲು. ಸತ್ತವರ ಮನೆಯ ಊಟದಲ್ಲಿ ಉಪ್ಪು ಕಡಿಮೆಯೆಂದು ಹೇಳತಕ್ಕದ್ದಲ್ಲ. ಇಂಥವು ನಮ್ಮ ಕಾನೂನುಗಳು. ರಸ್ತೆಯಲ್ಲಿ ಉಗುಳಬಾರದೆಂದು ಮೇಲಿನ ಕಚೇರಿಯವರು ಕಳಿಸುವ ಸುತ್ತೋಲೆಯನ್ನು ಎಷ್ಟು ಅಂಟು ಬಳಿದು ಆ ಗೋಡೆಗೆ ಹಚ್ಚಿದರೂ ಬೆಳಗಾಗುವುದರೊಳಗೆ ಅದು ಕೆಳಗೆ ಬಿದ್ದಿರುತ್ತದೆ, ಅದರ ಮೇಲೆ ಯಾರಾದರೂ ಉಗುಳಿರುತ್ತಾರೆ.

ನಾನು ಕಲಿಸುವುದು ಕಾನೂನು ಮತ್ತು ಸಮಾಜ ಎಂಬ ವಿಷಯ. ಸಾಲು ಏನು ಹೇಳುತ್ತದೆ ಎಂದು ಕೇಳಬೇಡಿ, ಅದನ್ನು ಯಾರು ಪಾಲಿಸುತ್ತಾರೆ, ಯಾರಿಗೆ ಹೆದರಿ ಪಾಲಿಸುತ್ತಾರೆ ಎಂದು ಕೇಳಿ ಎನ್ನುತ್ತೇನೆ. ನಮ್ಮ ಪ್ರಿನ್ಸಿಪಾಲರಾದ ಹೊಸಮನಿ ಸರ್ ಇದನ್ನು ಹರಟೆ ಎನ್ನುತ್ತಾರೆ. ಅವರ ಪ್ರಕಾರ ಗೋಡೆ ಇದೆ, ಕಣ್ಣಿವೆ, ಇನ್ನೇನು ಬೇಕು.

ನೀಲಗಂಗವ್ವ ನನ್ನ ಮನೆಯೊಡತಿ. ಆಕೆಯ ಮನೆಯ ಮುಂದಿನ ಖೋಲಿಗೆ ಬಾಡಿಗೆಗೆ ಬಂದವಳು ನಾನು. ಯಾವಾಗಿನಿಂದ ಆಕೆಯ ಒಲೆಯ ಮುಂದೆ ತಾಟು ಹಿಡಿದು ಕೂರತೊಡಗಿದೆನೋ, ಯಾವಾಗಿನಿಂದ ಅವ್ವಾ ಎನ್ನತೊಡಗಿದೆನೋ ನೆನಪಿಲ್ಲ. ಗಂಡ ತೀರಿಕೊಂಡ ಮೇಲೆ ಆಕೆ ತರಕಾರಿ ಸಂತೆಯಲ್ಲಿ ಹರಾಜಿನ ಸವಾಲು ಕೂಗಲು ನಿಂತಳು. ಬೆಳಿಗ್ಗೆ ಬದನೆ, ಹೀರೆ, ಮೆಂತ್ಯದ ಗಾಡಿಗಳು ಬಂದವೆಂದರೆ ಕಲ್ಲು ಹತ್ತಿ ನಿಂತು ಬುಟ್ಟಿಬುಟ್ಟಿಯ ಬೆಲೆ ಕೂಗುವವಳು ಅವಳೇ. ಆ ದನಿ ಬಸ್ ಸ್ಟ್ಯಾಂಡಿನ ತನಕ ಕೇಳುತ್ತಿತ್ತು. ಸವಾಲು ಮುಗಿದ ಮೇಲಾದರೂ ಬಾಯಿಗೆ ಬಿಡುವು ಕೊಡುತ್ತಿದ್ದಳೇ ಎಂದರೆ ಅದೂ ಇಲ್ಲ. ಊಟ ಆಯಿತೇ ಎಂದು ಕೇಳಿದವರಿಗೆ ಮೂರು ಹೊತ್ತಿನ ಅಡುಗೆಯ ವಿವರ ಕೊಡುವ ಹೆಂಗಸು.

ಬೇಸಿಗೆಯ ಕೊನೆಯಲ್ಲಿ ಆ ದನಿ ಒಡೆಯಿತು. ಗಂಟಲೊಳಗೆ ಗಾಯವಾಗಿದೆ, ವಾಸಿಯಾಗುವ ತನಕ ಪಿಸುಮಾತು ಕೂಡ ಆಡಕೂಡದು, ಆಡಿದರೆ ದನಿ ಪೂರ್ತಿ ಹೋಗುತ್ತದೆ ಎಂದರು ಡಾಕ್ಟರು. ಆದರೆ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡದೆ ಇರುವುದು ಆಕೆಗೆ ಗೊತ್ತಿರಲಿಲ್ಲ. ಕೊನೆಗೆ ಆಕೆಯ ಗೆಳತಿ ದ್ಯಾಮವ್ವ ಸಂತೆಯ ಅಂಗಡಿ ಅಂಗಡಿಗೂ ಹೋದಳು. ದ್ಯಾಮವ್ವ ರೊಟ್ಟಿ, ಚಟ್ನಿಪುಡಿ ಮಾರುವವಳು. ಇಬ್ಬರದೂ ಬೆನ್ನಿಗೆ ಬೆನ್ನು ಮಾಡಿದ ಮನೆ, ನಡುವೆ ಹಿತ್ತಲು ಒಂದೇ.

"ಯಾರೂ ಅಕೀನ್ನ ಮಾತಾಡಸಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ," ಎಂದಳಂತೆ. "ನೀವು ಒಂದ ಮಾತಾಡಿದ್ರ ಅಕಿ ಹತ್ತ ಆಡ್ತಾಳ. ಗಂಟಲಾ ಉಳೀಬೇಕಂದ್ರ ನಾವ ಬಾಯಿ ಮುಚ್ಚಬೇಕು."

ಊರು ಬಾಯಿ ಮುಚ್ಚಿತು. ಆಕೆ ಬೀದಿಯಲ್ಲಿ ಹೋದರೆ ಜನ ತಲೆಯಾಡಿಸಿ, ನಕ್ಕು, ಮುಂದೆ ಹೋಗುತ್ತಿದ್ದರು. ಹೋಟೆಲಿನವನು ಕೇಳದೆಯೇ ಬಿಸಿ ಹಾಲು ತಂದಿಟ್ಟು ಸುಮ್ಮನೆ ಹೋಗುತ್ತಿದ್ದ. ನಾನೂ ಮನೆಯಲ್ಲಿ ಕೈಸನ್ನೆ ಮಾಡಿಯೇ ಅನ್ನ ಬಡಿಸಿಕೊಳ್ಳುತ್ತಿದ್ದೆ. ಒಂದು ಊರು ಇಷ್ಟು ಪ್ರೀತಿಯಿಂದ ಸುಮ್ಮನಿದ್ದದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ಗೋಡೆಗೆ ಪ್ರೀತಿ ಗೊತ್ತಾಗುವುದಿಲ್ಲ ಎಂಬುದು ಆಗ ನಮಗೆ ಯಾರಿಗೂ ಹೊಳೆಯಲಿಲ್ಲ. ಅದಕ್ಕೆ ಕಾಣುವುದು ನಡತೆ ಮಾತ್ರ.

ಅವತ್ತು ಬುಧವಾರ. ಇನ್ನು ಮಾತಾಡಬಹುದು ಎಂದು ಡಾಕ್ಟರು ಹೇಳಿದ್ದರಿಂದ ನೀಲಗಂಗವ್ವ ಹಂಚಲು ಬೆಲ್ಲ ಕಟ್ಟಿಕೊಂಡು ಸಂತೆಗೆ ಹೋಗಿದ್ದಳು. ನಾನು ತರಗತಿಯಲ್ಲಿದ್ದೆ. ತಡವಾಗಿ ಬಂದ ವಿದ್ಯಾರ್ಥಿನಿಯೊಬ್ಬಳು ಬಾಗಿಲಲ್ಲೇ ನಿಂತು, "ಮೇಡಂ, ಗೋಡಿ ಮ್ಯಾಲ ನಿಮ್ಮ ಮನೀ ಅವ್ವನ ಹೆಸರ ಬಂದೈತ್ರಿ," ಎಂದಳು. ಗೋಡೆಯ ಮೇಲೆ ಈವರೆಗೆ ಯಾರ ಹೆಸರೂ ಬಂದದ್ದಿಲ್ಲ. ನಾನು ಸೀಮೆಸುಣ್ಣ ಕೈಯಲ್ಲಿ ಹಿಡಿದೇ ಓಡಿದೆ.

'ಸಂತೆಯ ನೀಲಗಂಗವ್ವನೊಡನೆ ಯಾರೂ ಮಾತಾಡತಕ್ಕದ್ದಲ್ಲ.' ಅಕ್ಷರಗಳು ಹಸಿಯಾಗಿ ಹೊಳೆಯುತ್ತಿದ್ದವು. ಅಲ್ಲಿಂದ ಸಂತೆಗೆ ಹೋದರೆ ಆಕೆ ಕಲ್ಲಿನ ಮೇಲೆ ನಿಂತಿದ್ದಳು. ಕೆಳಗೆ ಬದನೆಕಾಯಿಯ ಬುಟ್ಟಿ, ಸುತ್ತ ನೂರಾರು ಜನ. ದನಿ ಇನ್ನೂ ಸ್ವಲ್ಪ ಒರಟಾಗಿತ್ತು. ಬೆಲೆ ಕೂಗಿದಳು. ಯಾರೂ ಏರಿಸಲಿಲ್ಲ. ಇಳಿಸಿ ಕೂಗಿದಳು. ಎಲ್ಲರೂ ನೆಲ ನೋಡುತ್ತಿದ್ದರು. ಮತ್ತೂ ಇಳಿಸಿದಳು. "ಏನ್ರೋ, ಬದನೀಕಾಯಿ ಹುಳಕ ಅದಾವೇನು? ಮುಳ್ಳ ನೋಡ್ರಿ, ಈಗ ಕೊಯ್ದದ್ದು!" ಎಂದು ನಗುತ್ತಾ ಒಂದನ್ನು ಎತ್ತಿ ತೋರಿಸಿದಳು. ಬೆಲ್ಲದ ಗಂಟು ಸೊಂಟದಲ್ಲೇ ಇತ್ತು. ಆ ನಗು ಮೆಲ್ಲಗೆ ಮುಖದಿಂದ ಇಳಿಯಿತು. ನಾನು ಹೋಗಿ ಕೈಹಿಡಿದು ಇಳಿಸಿದೆ, ಕಿವಿಯಲ್ಲಿ ಗೋಡೆಯ ಸಂಗತಿ ಹೇಳಿದೆ.

"ನಾ ಏನ ಮಾಡೇನಿ?" ಎಂದು ಒಂದೇ ಮಾತು ಕೇಳಿದಳು.

ಗುರುಸಿದ್ದಯ್ಯನವರು ಚಾವಡಿಯ ಜಗಲಿಯ ಮೇಲೆ ಕನ್ನಡಕ ಒರೆಸುತ್ತಾ ಕೂತಿದ್ದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

"ಯಜಮಾನ್ರ, ಇದು ಗಂಟಲ ಬ್ಯಾನಿ ಸಲುವಾಗಿ ಜನ ಸುಮ್ಮನಿದ್ದದ್ದು. ನಿಮಗೂ ಗೊತ್ತೈತಿ," ಎಂದೆ. ಸಿಟ್ಟು ಬಂದರೆ ನನ್ನ ಬಾಯಿಗೂ ಈ ಊರಿನ ಮಾತೇ ಬರುತ್ತದೆ.

"ಗೊತ್ತೈತಿ ಮೇಡಂ. ಆದ್ರ ಗೋಡಿ ಯಾಕ ಅಂತ ಬರಿಯೂದಿಲ್ಲ. ಏನು ಅಂತಷ್ಟ ಬರೀತೈತಿ. ನಾ ಓದಾಂವ, ಅಳಸಾಂವ ಅಲ್ಲ."

"ನೀವು ಓದಿದ್ರ ಅಕಿ ಈ ಊರಾಗ ಬದುಕೂದು ಹ್ಯಾಂಗ? ಸವಾಲ ಕೂಗಾಕಿ ಜೋಡಿ ಯಾರೂ ಮಾತಾಡಬಾರದು ಅಂದ್ರ?"

"ಸೋಮವಾರದ ಮಟ ಹೊತ್ತೈತಿ. ಜನ ಮಾತಾಡಿದ್ರ ತಾನ ಅಳಸ್ತೈತಿ. ಹಸೀ ಸಾಲಿಗೆ ಶಿಕ್ಷಾ ಇಲ್ಲ, ಮಾತಾಡ್ಲಿ." ಹೀಗೆಂದವರು ನನ್ನ ಹಿಂದೆ ನಿಂತಿದ್ದ ನೀಲಗಂಗವ್ವನ ಕಡೆ ಒಮ್ಮೆಯೂ ನೋಡಲಿಲ್ಲ. ಚಾವಡಿಯ ಮುಂದೆ ಜನ ಓಡಾಡುತ್ತಿದ್ದರು.

ಸರಿ, ಇದಕ್ಕೇ ತಾನೆ ನಾನು ಓದಿದ್ದು ಎಂದುಕೊಂಡು ಮರುದಿನದಿಂದ ಮನೆಮನೆಗೂ ಅಂಗಡಿಗೂ ಹೋದೆ. ಯಾರ ಹೆಸರನ್ನೂ ಎಲ್ಲೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಎರಡೇ ಪ್ರಶ್ನೆ ಕೇಳಿದೆ. ನೀವು ಆಕೆಯೊಡನೆ ಯಾಕೆ ಮಾತಾಡುವುದಿಲ್ಲ? ಆಕೆ ಊರು ಬಿಡಬೇಕೆಂದು ನಿಮಗೆ ಅನಿಸುತ್ತದೆಯೇ? ಎರಡನೆಯದಕ್ಕೆ ಒಬ್ಬರೂ ಹೌದು ಎನ್ನಲಿಲ್ಲ. ಪಾಪ, ಒಳ್ಳೆ ಹೆಂಗಸು, ನನಗೇನೂ ಇಲ್ಲ, ಆದರೆ ಊರಿಗೆ ಊರೇ ಬೇಡವೆಂದಾಗ ನಾನೊಬ್ಬ ಏನು ಮಾಡಲಿ ಎಂದು ಎಲ್ಲರೂ ಹೇಳಿದರು. ಒಬ್ಬೊಬ್ಬರೂ ಉಳಿದವರೆಲ್ಲ ಆಕೆಯನ್ನು ದ್ವೇಷಿಸುತ್ತಾರೆಂದು ನಂಬಿದ್ದರು. ಸಾಲು ಹೇಗೂ ಒಣಗುತ್ತದೆ, ಆಮೇಲೆ ನಾನೊಬ್ಬನೇ ಮಾತಾಡಿದವನೆಂದು ಎಲ್ಲರ ಕಣ್ಣಿಗೆ ಯಾಕೆ ಬೀಳಲಿ ಎಂದು ಲೆಕ್ಕ ಹಾಕುತ್ತಿದ್ದರು.

ಮೊದಲನೆಯ ಪ್ರಶ್ನೆಗೆ ಬಂದ ಉತ್ತರಗಳು ನನ್ನನ್ನು ಹೆದರಿಸಿದವು. ಗುರುವಾರ ಎಲ್ಲರೂ ಗಂಟಲಿನ ಮಾತು ಹೇಳಿದರು. ಶುಕ್ರವಾರ ಕೆಲವರು ತಡವರಿಸಿದರು. ಶನಿವಾರದ ಹೊತ್ತಿಗೆ ಹೊಸ ಕಾರಣಗಳು ಹುಟ್ಟಿಕೊಂಡಿದ್ದವು. ತೂಕದಲ್ಲಿ ಏನೋ ಮಾಡಿದ್ದಳಂತೆ ಎಂದ ದರ್ಜಿ. ಗಂಡ ಸತ್ತದ್ದು ಸುಮ್ಮಸುಮ್ಮನೆ ಅಲ್ಲ ಬಿಡಿ ಎಂದ ಹೋಟೆಲಿನವನು, ಹಾಲು ತಂದಿಡುತ್ತಿದ್ದವನು ಇವನೇ. ಗೋಡೆ ಸುಮ್ಮನೆ ಬರೆಯುತ್ತದೆಯೇ, ಏನೋ ಇದ್ದಿರಲೇಬೇಕು ಎಂದರು ನಮ್ಮ ಹೊಸಮನಿ ಸರ್. ಸಾಲು ಮೊದಲು ಬಂತು, ತಪ್ಪು ಆಮೇಲೆ ಹುಟ್ಟಿತು. ಇಂಥದ್ದು ಆಗುತ್ತದೆಂದು ಪಾಠದಲ್ಲಿ ಎಷ್ಟು ಸಲ ಹೇಳಿದ್ದೇನೋ. ಈಗ ಅದು ಕಣ್ಣೆದುರಿಗೇ ನಡೆಯುತ್ತಿತ್ತು.

ದ್ಯಾಮವ್ವನ ಅಂಗಡಿಗೆ ಕೊನೆಯಲ್ಲಿ ಹೋದೆ. "ಮಾತಾಡಸಬ್ಯಾಡ್ರಿ ಅಂತ ಊರೆಲ್ಲಾ ಹೇಳಿದಾಕಿ ನೀ. ಯಾಕ ಹೇಳಿದ್ದಿ ಅಂತ ಈಗ ಜೋರಾಗಿ ಹೇಳ," ಎಂದೆ. ಆಕೆ ಚಟ್ನಿಪುಡಿಯ ಡಬ್ಬಿಯ ಮುಚ್ಚಳ ತಿರುವುತ್ತಾ ಕೂತಳು. ಪಕ್ಕದ ಅಂಗಡಿಯವರು ಕಿವಿ ನಿಮಿರಿಸಿದ್ದರು.

"ನಾ ಹಂಗ ಅಂದಿದ್ದೆನೇನ್ರಿ?" ಎಂದಳು. "ಎಲ್ಲಾರೂ ಅಂದ್ರು, ನಾನೂ ಅಂದಿರಬೇಕು."

ಆ ಡಬ್ಬಿಯನ್ನು ಎತ್ತಿ ರಸ್ತೆಗೆ ಎಸೆಯಬೇಕೆನಿಸಿತು. ಎಸೆಯದೆ ಬಂದದ್ದಕ್ಕೆ ಒಂದು ಕಾರಣವಿತ್ತು. ಅವತ್ತು ಮಧ್ಯಾಹ್ನವೇ ನಾನು ದ್ಯಾಮವ್ವನನ್ನು ನಮ್ಮ ಹಿತ್ತಲಲ್ಲಿ ನೋಡಿದ್ದೆ.

ಬಿಸಿಲು ಇಳಿಯುವ ತನಕ ಮುಂಬಾಗಿಲು ತಟ್ಟಬಾರದಲ್ಲ, ಆ ಹೊತ್ತಿನಲ್ಲಿ ಬೀದಿ ಖಾಲಿ. ಗುರುವಾರದಿಂದ ದಿನಾಲೂ ಆ ವೇಳೆಗೆ ನಮ್ಮ ಹಿತ್ತಲ ಬಾಗಿಲಿನ ಅಗುಳಿ ಮೆಲ್ಲಗೆ ಸದ್ದು ಮಾಡುತ್ತಿತ್ತು. ದ್ಯಾಮವ್ವ ರೊಟ್ಟಿ ತಂದು, ನೀಲಗಂಗವ್ವನ ಮಡಿಲಲ್ಲಿ ತಲೆಯಿಟ್ಟು ಅತ್ತು ಹೋಗುತ್ತಿದ್ದಳು. ಹೋಟೆಲಿನವನು ಹಾಲು ತರುತ್ತಿದ್ದ. ದರ್ಜಿಯ ಹೆಂಡತಿ ಬಂದಳು, ದರ್ಜಿಯೂ ಬಂದ, ಇಬ್ಬರೂ ಒಬ್ಬರಿಗೊಬ್ಬರು ತಿಳಿಯದ ಹಾಗೆ. ಹೊಸಮನಿ ಸರ್ ಕೂಡ ತಲೆಗೆ ಟವೆಲ್ ಹೊದ್ದು ಬಂದು, ಧೈರ್ಯವಾಗಿರವಾ ಎಂದು ಹೇಳಿ ಹೋದರು. ಆದರೂ ಪ್ರತಿ ಸಂಜೆ ಚಾವಡಿಗೆ ಹೋಗಿ ನೋಡಿದರೆ ಸಾಲು ಇನ್ನಷ್ಟು ಕಪ್ಪಾಗಿರುತ್ತಿತ್ತು. ಊರಿನ ಅರ್ಧ ಜನ ಸಾಲನ್ನು ಮುರಿಯುತ್ತಿದ್ದಾರೆ, ಸಾಲು ಮಾತ್ರ ಗಟ್ಟಿಯಾಗುತ್ತಿದೆ. ಶನಿವಾರ ಸಂಜೆ ಆ ಗೋಡೆಯ ಮುಂದೆ ನಿಂತಾಗ ನನಗೆ ಅರ್ಥವಾಯಿತು. ಗೋಡೆ ಕದ್ದು ಮಾಡಿದ್ದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ನಾಲ್ಕು ಜನರ ಎದುರು ಮಾಡಿದ್ದು ಮಾತ್ರ ಅದಕ್ಕೆ ನಡತೆ.

ಹಾಗಾದರೆ ನಾನೇ ಶುರು ಮಾಡುತ್ತೇನೆಂದು ಭಾನುವಾರ ಬೆಳಿಗ್ಗೆ ತುಂಬಿದ ಸಂತೆಯಲ್ಲಿ ಆಕೆಯ ಕೈ ಹಿಡಿದು ನಡೆದೆ. ಅವ್ವಾ ಸೊಪ್ಪು ಹೇಗಿದೆ, ಅವ್ವಾ ಸಾರಿಗೆ ಏನು ಹಾಕೋಣ ಎಂದು ಕಿರುಚುವ ದನಿಯಲ್ಲಿ ಮಾತಾಡಿದೆ. ಜನ ನೋಡಿದರು. ಅಲ್ಲಿಂದ ಸೀದಾ ಚಾವಡಿಗೆ ಹೋದರೆ ಸಾಲಿನ ಕೆಳಗೆ ಇನ್ನೊಂದು ಸಣ್ಣ ಸಾಲು ಮೂಡುತ್ತಿತ್ತು. 'ಹೊರಗಿನಿಂದ ಬಂದವರು ಮಾತಾಡಿದರೆ ಅಡ್ಡಿಯಿಲ್ಲ.'

ನಾನು ಅಲ್ಲೇ ಜಗಲಿಯ ಮೇಲೆ ಕುಸಿದು ಕೂತೆ. ಇಷ್ಟು ವರ್ಷ ಇದೇ ಊರಿನ ನೀರು ಕುಡಿದಿದ್ದೇನೆ, ಇಲ್ಲಿನ ಅರ್ಧ ವಕೀಲರಿಗೆ ನಾನೇ ಪಾಠ ಹೇಳಿದ್ದೇನೆ. ಅವರ ಪಾಲಿಗೆ ನಾನು ಇನ್ನೂ ಖೋಲಿಯ ಮೇಡಂ. ಅಳು ಬಂತು. ನೀಲಗಂಗವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು. ಊರು ಬಿಡಬೇಕಾದವಳು ಅವಳು, ಸಮಾಧಾನ ನನಗೆ.

ಮನೆಗೆ ಬಂದಾಗ ಆಕೆ ಟ್ರಂಕು ತೆಗೆದು ಸೀರೆಗಳನ್ನು ಮಡಚತೊಡಗಿದಳು. ಹೋಗುವುದೆಲ್ಲಿಗೆ ಎಂದರೆ ಆಕೆಗೂ ಗೊತ್ತಿರಲಿಲ್ಲ. ತವರಿನವರು ಯಾರೂ ಉಳಿದಿರಲಿಲ್ಲ. ನಾನು ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆ ಕೂತೆ.

"ಅವ್ವಾ, ಒಂದ ದಾರಿ ಐತಿ. ನಾಳೆ ಚಾವಡ್ಯಾಗ ಎಲ್ಲಾರ ಮುಂದ ನಿಂತು, ಹಿತ್ತಲದಾಗ ಬಂದವರ ಹೆಸರ ಹೇಳು. ಒಬ್ಬರು ಹೌದು ಅಂದ್ರ ಸಾಕು, ಇನ್ನೊಬ್ಬರಿಗೆ ಧೈರ್ಯ ಬರ್ತೈತಿ. ಎಲ್ಲಾರೂ ಬರ್ತಿದ್ರು ಅಂತ ಎಲ್ಲಾರಿಗೂ ಗೊತ್ತಾಗಬೇಕು. ನಾ ಹೇಳಂಗಿಲ್ಲ, ಹೆಸರ ಹೇಳೂದಿಲ್ಲ ಅಂತ ಮಾತ ಕೊಟ್ಟೇನಿ."

ಆಕೆ ನನ್ನ ಹೆಸರು ಹೇಳಿ ಕರೆದಳು. "ಸುಲೂ, ನನಗ ರೊಟ್ಟಿ ತಂದ ಕೊಟ್ಟಾರ. ನನ್ನ ಸಲುವಾಗಿ ಅತ್ತಾರ. ಅಂಥವರನ್ನ ನಡಬೀದ್ಯಾಗ ಎಳದ ನಿಂದರಸಲಿ?"

"ಹಿತ್ತಲದಾಗ ಅಳೂದು ಸುಲಭ ಅವ್ವಾ."

"ಸುಲಭ ಅಲ್ಲ. ನಿನಗ ತಿಳಿಯೂದಿಲ್ಲ," ಎಂದಳು. ಹೊರಗಿನವಳು ಎಂದು ಹೇಳಲಿಲ್ಲ, ಆದರೆ ನನಗೆ ಹಾಗೇ ಕೇಳಿಸಿತು. ಆಮೇಲೆ ನಾವಿಬ್ಬರೂ ಆ ಮಾತೆತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಹೊಸಮನಿ ಸರ್ ಕಾಲೇಜಿನ ಗೇಟಿನಲ್ಲೇ ನನ್ನನ್ನು ತಡೆದರು. ನಮ್ಮ ಕೆಲಸ ನೋಡುವುದು, ತಿಳಿಯುವುದು. ಕೈ ಹಾಕುವುದಲ್ಲ ಎಂದರು. ಕೈ ಹಾಕಿದರೆ ಇದು ಅಧ್ಯಯನ ಹೇಗಾಗುತ್ತದೆ, ಕೆಲಸದ ಮೇಲೆ ಆಸೆ ಇದೆಯೋ ಇಲ್ಲವೋ ಎಂದೂ ಕೇಳಿದರು. ಅವರು ಹೇಳಿದ್ದರಲ್ಲಿ ಮೊದಲರ್ಧ ನಿಜವೇ. ಆದರೆ ಹಾಗೆ ಹೇಳುತ್ತಿದ್ದದ್ದು ಟವೆಲ್ ಹೊದ್ದು ಬಂದಿದ್ದ ಅದೇ ಮುಖ. ದಾಟಿಕೊಂಡು ಚಾವಡಿಗೆ ಹೋದೆ. ಅವರೂ ಹಿಂದೆಯೇ ಬಂದರು.

ಚಾವಡಿ ಕಿಕ್ಕಿರಿದಿತ್ತು. ನೀಲಗಂಗವ್ವ ಟ್ರಂಕನ್ನು ಪಕ್ಕದಲ್ಲಿಟ್ಟುಕೊಂಡು ಕಂಬದ ಹತ್ತಿರ ಕೂತಿದ್ದಳು. ಸುತ್ತ ಒಂದು ಹಾಸಿಗೆಯಷ್ಟು ಜಾಗ ಖಾಲಿ. ಗುರುಸಿದ್ದಯ್ಯನವರು ಎದ್ದು ಕನ್ನಡಕ ಹಾಕಿಕೊಂಡರು. ಓದುವ ಮುಂಚೆ ಯಾರಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳುವುದು ರೂಢಿ. ಕೇಳಿದರು. ನಾನು ಎದ್ದೆ.

ನಾನು ಕಂಡದ್ದನ್ನೆಲ್ಲ ಹೇಳಿದೆ. ಗಂಟಲಿನ ಸಂಗತಿ ಹೇಳಿದೆ. ಒಬ್ಬರೂ ಆಕೆ ಹೋಗಲಿ ಎನ್ನಲಿಲ್ಲ, ನೀವೆಲ್ಲ ಒಬ್ಬರನ್ನೊಬ್ಬರು ನೋಡಿ ಹೆದರುತ್ತಿದ್ದೀರಿ, ಹೆದರಿಸುವವರು ಯಾರೂ ಇಲ್ಲ ಎಂದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ತರಗತಿಯ ದನಿಯಾಗಿಬಿಟ್ಟಿತು. ಜನ ಸುಮ್ಮನೆ ಕೇಳಿದರು. ಹಿಂದಿನಿಂದ ಯಾರೋ, "ಮೇಡಂ ಹೊರಗಿನವ್ರು ಬಿಡ್ರಿ, ಅವ್ರು ಮಾತಾಡಬಹುದು," ಎಂದರು. ಕೆಲವರು ನಕ್ಕರು. ಸಾಲು ಒಂದಿಷ್ಟೂ ಕದಲಲಿಲ್ಲ. ನಾನು ಕೂತುಬಿಟ್ಟೆ. ಗುರುಸಿದ್ದಯ್ಯನವರು ಗಂಟಲು ಸರಿಮಾಡಿಕೊಂಡು ಗೋಡೆಯ ಕಡೆ ತಿರುಗಿದರು.

"ಸ್ವಲ್ಪ ತಡೀರಿ," ಎಂದಿತು ಆ ಒರಟು ದನಿ.

ನೀಲಗಂಗವ್ವ ಎದ್ದು ನಿಂತಿದ್ದಳು. ಸವಾಲು ಕೂಗುವಾಗ ನಿಲ್ಲುವ ಹಾಗೆ, ಒಂದು ಕೈ ಸೊಂಟದ ಮೇಲೆ.

"ದ್ಯಾಮವ್ವಾ," ಎಂದಳು. "ನಿನ್ನಿ ಮಧ್ಯಾಹ್ನ ನನ್ನ ಹಿತ್ತಲದಾಗ ಬಂದು ರೊಟ್ಟಿ ಕೊಟ್ಟು, ನನ್ನ ತೊಡಿ ಮ್ಯಾಲ ತಲಿ ಇಟ್ಟ ಅತ್ತಿಯಲ್ಲ. ಇಲ್ಲಿ ಯಾಕ ಸುಮ್ಮ ಕುಂತಿ?"

ಇಡೀ ಚಾವಡಿ ದ್ಯಾಮವ್ವನ ಕಡೆ ತಿರುಗಿತು. ಆಕೆಯ ಮುಖ ಬಿಳಿಚಿಕೊಂಡಿತು. ಹೌದು ಎನ್ನು, ಒಂದು ಸಲ ಹೌದು ಎನ್ನು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಆಕೆ ಪಕ್ಕದವರ ಕಡೆ ಹೊರಳಿ, "ಸುಳ್ಳ ಹೇಳಾಕತ್ತಾಳ್ರಿ ಇಕಿ. ನಾ ಯಾಕ ಹೋಗಲಿ ಅಕಿ ಮನೀಗೆ?" ಎಂದಳು.

ನಾನೇ ಹೇಳಿಕೊಟ್ಟ ದಾರಿ ಇದು. ಈಗ ಆಕೆಗೆ ಸಾಲು ಮಾತ್ರವಲ್ಲ, ಸುಳ್ಳಿ ಎಂಬ ಹೆಸರೂ ಬಂತು.

"ಅವರ ಮಾರಿ ನೋಡಿ ಅಲ್ಲ," ಎಂದಳು ನೀಲಗಂಗವ್ವ. "ನನ್ನ ಮಾರಿ ನೋಡಿ ಹೇಳ, ಬಂದಿಲ್ಲ ಅಂತ."

ದ್ಯಾಮವ್ವ ಎದ್ದು ನಿಂತಳು. ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು. "ಹೇಳ್ತೇನಿ! ನಿನ್ನ ಮಾರಿ ನೋಡೇ ಹೇಳ್ತೇನಿ! ನಾ ಬಂದಿಲ್ಲ ನೀಲಾ, ನಿನ್ನ ಮನೀಗೆ ನಾ ಬಂದೇ ಇಲ್ಲ!"

ಆಗ ನಾನು ಗೋಡೆ ನೋಡಿದೆ. ಸಾಲಿನ ಕೊನೆಯ ಅಕ್ಷರ ತೆಳ್ಳಗಾಗಿತ್ತು. ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ ಕರಗಿ ಹೋಗುತ್ತಿತ್ತು. ದ್ಯಾಮವ್ವ ಊರಿನ ಎದುರು ನೀಲಗಂಗವ್ವನೊಡನೆ ಮಾತಾಡಿದ್ದಳು. ಏನು ಮಾತಾಡಿದಳೆಂಬುದು ಗೋಡೆಗೆ ಬೇಕಾಗಿರಲಿಲ್ಲ.

ನೀಲಗಂಗವ್ವನೂ ನೋಡಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಆಕೆ ಹೋಟೆಲಿನವನ ಹೆಸರು ಹಿಡಿದು ಕರೆದಳು. "ಹಾಲ ತಂದಿದ್ದಿಯಲ್ಲಪಾ." ಅವನು ಗಾಬರಿಯಿಂದ, "ಇಲ್ಲವಾ, ನಾ ಅಲ್ಲ, ನೀ ಯಾರನ್ನೋ ನೋಡೀದಿ," ಎಂದ. ಒಂದಕ್ಷರ ಹೋಯಿತು. ದರ್ಜಿ, ಅವನ ಹೆಂಡತಿ, ಸೊಪ್ಪಿನವಳು, ಬಸ್ ಏಜೆಂಟ. ಹೆಸರು ಕರೆದ ಹಾಗೆಲ್ಲ ಒಬ್ಬೊಬ್ಬರೂ ಎದ್ದು ನಿಂತು, ನಾನು ಬಂದಿಲ್ಲ, ನಿನಗೆ ಏನೂ ಕೊಟ್ಟಿಲ್ಲ, ನಿನಗಾಗಿ ಅತ್ತಿಲ್ಲ ಎಂದು ಆಕೆಗೇ ಹೇಳಿದರು. ಹೊಸಮನಿ ಸರ್ ಸರದಿ ಬಂದಾಗ ಅವರು ಬೆರಳೆತ್ತಿ, "ನೋಡವಾ, ನನ್ನಂಥಾ ಸ್ಥಾನದಾಗ ಇದ್ದಾಂವನ ಮ್ಯಾಲ ಹಂಗೆಲ್ಲಾ ಹೇಳಬಾರದು," ಎಂದು ದೊಡ್ಡ ಭಾಷಣವನ್ನೇ ಮಾಡಿದರು. ಅವರ ಭಾಷಣಕ್ಕೆ ಒಂದು ಇಡೀ ಪದ ಅಳಿಸಿತು. ಕೆಳಗಿನ ಸಣ್ಣ ಸಾಲೂ ಮಾಯವಾಗಿತ್ತು, ಅದು ಯಾವಾಗ ಹೋಯಿತೋ ನಾನು ನೋಡಲಿಲ್ಲ.

ಜನರಿಗೆ ಇನ್ನೂ ತಿಳಿದಿರಲಿಲ್ಲ, ಅವರ ಕಣ್ಣೆಲ್ಲ ಹೆಸರು ಬಂದವರ ಮೇಲಿತ್ತು. ನೀಲಗಂಗವ್ವನ ಮುಖದ ಮೇಲೆ ನೀರು ಇಳಿಯುತ್ತಿತ್ತು. ಒಂದೊಂದು 'ಇಲ್ಲ' ಎಂಬ ಮಾತೂ ಆಕೆಗೆ ತಾಗುತ್ತಿತ್ತು. ಆದರೂ ಕರೆಯುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಆ ಸಾಲಿನಲ್ಲಿ ಉಳಿದದ್ದು ಆಕೆಯ ಹೆಸರೊಂದೇ. ಬರೀ 'ನೀಲಗಂಗವ್ವ'. ಅದು ತೆಳ್ಳಗಾಗಲಿಲ್ಲ.

ಆಕೆ ಗುರುಸಿದ್ದಯ್ಯನವರ ಕಡೆ ತಿರುಗಿದಳು. "ಯಜಮಾನ್ರ," ಎಂದಳು. ದನಿ ಮತ್ತೆ ಒಡೆಯತೊಡಗಿತ್ತು. "ನೀವೂ ಬಂದಿದ್ರಿ."

ಇದು ನನಗೂ ಗೊತ್ತಿರಲಿಲ್ಲ. ಗುರುಸಿದ್ದಯ್ಯನವರು ಕನ್ನಡಕ ತೆಗೆದರು, ಒರೆಸಲಿಲ್ಲ, ಸುಮ್ಮನೆ ಹಿಡಿದುಕೊಂಡರು. ಅವರು ಹಾದಿಬೀದಿಯ ಮನುಷ್ಯರಲ್ಲ, ಗೋಡೆ ಓದುವವರು. ಹೌದೆಂದರೆ ಇನ್ನು ಅವರು ಓದಿದ್ದನ್ನು ಜನ ಹೇಗೆ ನಂಬಬೇಕು? ಬಂದಿಲ್ಲವೆಂದರೂ ಸಾಲು ಹೋಗುತ್ತಿತ್ತು. ಅವರು ಗೋಡೆಯನ್ನೊಮ್ಮೆ ನೋಡಿದರು, ಅವರಿಗೆ ಅದು ತಿಳಿದಿತ್ತು.

"ಹೌದು ತಂಗೀ," ಎಂದರು. "ಬಂದಿದ್ದೆ. ಕ್ಷಮಾ ಕೇಳಾಕ ಬಂದಿದ್ದೆ. ಕೇಳಲಿಲ್ಲ, ನೀರ ಕುಡದ ಬಂದೆ."

ಹೆಸರು ಒಮ್ಮೆಗೇ ಅಳಿಸಿಹೋಯಿತು. ಆಗ ಜನ ನೋಡಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಖುಷಿಯಿಂದ ಕೂಗಲಿಲ್ಲ. ಗುರುಸಿದ್ದಯ್ಯನವರು ಕನ್ನಡಕ ಹಾಕಿಕೊಂಡು ಸಾಲು ಅಳಿಸಿದ ಜಾಗದ ಕಡೆ ತಿರುಗಿ, ಈ ವಾರ ಹೊಸ ಸಾಲು ಯಾವುದೂ ಇಲ್ಲ ಎಂದು ಓದಿದರು. ಓದಿ, ಇನ್ನು ಮುಂದೆ ಓದಲು ಬೇರೆಯವರನ್ನು ನೋಡಿಕೊಳ್ಳಿ ಎಂದು ಇಳಿದು ಹೋದರು. ಟ್ರಂಕನ್ನು ನಾನೇ ಹೊತ್ತು ಮನೆಗೆ ತಂದೆ.

ಮರುದಿನ ಸಂತೆಯಲ್ಲಿ ಸವಾಲು ಎಂದಿನಂತೆ ನಡೆಯಿತು. ಜನ ಬೆಲೆ ಏರಿಸಿದರು, ಬೈದರು, ಚೌಕಾಸಿ ಮಾಡಿದರು. ದ್ಯಾಮವ್ವ ಮಾತ್ರ ಮುಖ ಎತ್ತಲಿಲ್ಲ. ಮಧ್ಯಾಹ್ನ ನಾನು ಅಗುಳಿಯ ಸದ್ದಿಗೆ ಕಿವಿಗೊಟ್ಟು ಕೂತೆ. ಬರಲಿಲ್ಲ. ಮರುದಿನವೂ ಇಲ್ಲ. ನಮ್ಮ ಮನೆಗೆ ಅಂತಲ್ಲ, ಊರಿನಲ್ಲಿ ಯಾರ ಹಿತ್ತಲಿಗೂ ಯಾರೂ ಹೋಗುತ್ತಿರಲಿಲ್ಲ. ಸೊಸೆಗೆ ತವರಿನವರು ಕದ್ದು ತರುವ ಉಂಡೆ, ಕುಡುಕನ ಹೆಂ‌ಡತಿಗೆ ನೆರೆಯವರು ದಾಟಿಸುವ ಹಿಟ್ಟು, ಎಲ್ಲ ನಿಂತಿತು. ಯಾವ ಹೆಸರು ನಾಳೆ ಯಾರ ಬಾಯಲ್ಲಿ ಬರುತ್ತದೋ ಎಂಬ ಭಯ. ಶನಿವಾರ ಗೋಡೆಯ ಮೇಲೆ ಹಸಿಯಾಗಿ ಒಂದು ಸಾಲು ಮೂಡಿತು. 'ಹಿತ್ತಲ ಬಾಗಿಲಿನಿಂದ ಯಾರೂ ಯಾರ ಮನೆಗೂ ಹೋಗತಕ್ಕದ್ದಲ್ಲ.'

ನಾನು ಬಂದು ಹೇಳಿದಾಗ ನೀಲಗಂಗವ್ವ ಹಿಟ್ಟು ನಾದುತ್ತಿದ್ದಳು. ಕೈ ನಿಂತಿತು.

"ಇದು ನನ್ನಿಂದ ಆತು," ಎಂದಳು.

"ನನ್ನಿಂದ ಅವ್ವಾ. ದಾರಿ ತೋರಿಸಿದಾಕಿ ನಾ."

"ಯಾರಿಂದರ ಆಗಲಿ. ಏಳ." ಕೈ ತೊಳೆದು, ಎರಡು ರೊಟ್ಟಿ ತಟ್ಟಿ, ಅವು ಬಿಸಿಯಿರುವಾಗಲೇ ತಾಟಿಗೆ ಹಾಕಿದಳು. ಸಂಜೆಯಾಗಿತ್ತು, ನಲ್ಲಿಯ ಹತ್ತಿರ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದರು. ಹಿತ್ತಲಿನ ಗೋಡೆ ಮೊಣಕಾಲೆತ್ತರ, ಅಲ್ಲಿಂದ ಎಲ್ಲ ಕಾಣುತ್ತದೆ. ನೀಲಗಂಗವ್ವ ಎಲ್ಲರೂ ನೋಡುತ್ತಿರುವಂತೆ ಹಿತ್ತಲು ದಾಟಿ ಹೋಗಿ ದ್ಯಾಮವ್ವನ ಹಿಂಬಾಗಿಲು ತಟ್ಟಿದಳು. ನಾನು ಹಿಂದೆ ನಿಂತಿದ್ದೆ.

ಒಳಗೆ ಪಾತ್ರೆಯ ಸದ್ದು ನಿಂತಿತು. "ಯಾರು?"

"ನಾನವಾ. ಹಿತ್ತಲದಿಂದ ಬಂದೇನಿ. ಎಲ್ಲಾರೂ ನೋಡಾಕತ್ತಾರ."

ನಲ್ಲಿಯ ಹತ್ತಿರ ಕೊಡ ತುಂಬಿ ನೀರು ಚೆಲ್ಲುತ್ತಿತ್ತು, ಯಾರೂ ಅದನ್ನು ಎತ್ತಲಿಲ್ಲ. ಆಮೇಲೆ ಅಗುಳಿ ಸರಿದು ಬಾಗಿಲು ತೆರೆಯಿತು. ದ್ಯಾಮವ್ವ ತಾಟು ನೋಡಿದಳು, ನಲ್ಲಿಯ ಕಡೆ ನೋಡಿದಳು, ನೀಲಗಂಗವ್ವನ ಮುಖ ನೋಡಿದಳು. ನಂತರ ಇಡೀ ಓಣಿಗೆ ಕೇಳುವ ಹಾಗೆ ಹೇಳಿದಳು.

"ಹೌದ ನೀಲಾ. ನಾ ಬಂದಿದ್ದೆ."